ಚಕ್ಕುಬಂದಿ

ಹತ್ತೊಂಬತ್ತು ವರ್ಷದಿಂದ ನನ್ನ ಕಸುಬು ಇದು:
ಕಾಸರಗೋಡಿನ ರಿಜಿಸ್ಟ್ರಾರ್ ಕಚೇರಿಯ ಎದುರು ಮಾಳಿಗೆಯಲ್ಲಿ
ಹಳೆಯ ಕನ್ನಡ ದಸ್ತಾವೇಜುಗಳನ್ನು ಮಲೆಯಾಳಕ್ಕೆ ದಾಟಿಸುವುದು.
ಮೂಡಕ್ಕೆ ಅಂದುಂಞಿಯ ಬೇಲಿ, ಪಡುವಕ್ಕೆ ಸರಕಾರಿ ತೋಡು,
ತೆಂಕಕ್ಕೆ ಒಂದು ಕಾಟುಮಾವಿನ ಮರ.
ಮರ ಸತ್ತು ಮೂವತ್ತು ವರ್ಷ;
ಕಾಗದದಲ್ಲಿ ಈಗಲೂ ನಿಂತು ಗಡಿ ಕಾಯುತ್ತದೆ.

ಹಾಗಾಗಿ ಪಾಲಿಸಿಯ ಸಣ್ಣಕ್ಷರ ಕಂಡರೆ ನನಗೆ ಹೆದರಿಕೆಯಿಲ್ಲ.
ಹೆದರಿಕೆ ಬೇರೆಯೇ ಉಂಟು.

ಹಳೆ ಬಸ್‌ಸ್ಟ್ಯಾಂಡಿನ ಹಿಂದೆ, ಅತ್ತರಿನ ಅಂಗಡಿಯ ಮೇಲೆ
ಕುಂಞಂಬು ಅವರ ಟ್ರಾವೆಲ್ಸ್.
ಗೋಡೆಯಲ್ಲಿ ದುಬೈ ಗಡಿಯಾರ, ನಮಗಿಂತ ಒಂದೂವರೆ ಗಂಟೆ ಹಿಂದೆ.
"ಏಳು ತಿಂಗಳಾ? ಕೆಲಸಕ್ಕಾ?"
ಅಲ್ಲ.
"ಮಗಳ ಬಾಣಂತನಕ್ಕಾ?"
ಮಗಳಿಲ್ಲ.
"ಉಮ್ರಾಕ್ಕೆ ಹೋಗುವವರಲ್ಲ ನೀವು. ಮತ್ತೆ ಎಂತಕ್ಕೆ?"
ನೋಡಲಿಕ್ಕೆ, ಅಂದೆ. ಬೆನ್ನಿಗೊಂದು ಚೀಲ, ಕಾಲಿಗೊಂದು ಜೋಡು,
ಜಾರ್ಜಿಯಾ, ಅರ್ಮೇನಿಯಾ, ಅಲ್ಲಿಂದ ಬಸ್ಸು ಸಿಕ್ಕಿದ ಕಡೆಗೆ.
ಅರ್ಜಿಯಲ್ಲಿ ಅದಕ್ಕೆಂದು ಚೌಕ ಇರಲಿಲ್ಲ.
'ಇತರೆ' ಎಂಬಲ್ಲಿ ಗುರುತು ಹಾಕಿದರು.
ನಲವತ್ತಾರನೇ ವಯಸ್ಸಿಗೆ ನಾನು ಇತರೆಯಾದೆ. ಹಿತವಾಯಿತು.

ಮೂರು ಪಾಲಿಸಿ ಹರಡಿದರು ಮೇಜಿನ ಮೇಲೆ, ಮೀನು ಹರಡಿದ ಹಾಗೆ:
ಬೂತಾಯಿ, ಬಂಗುಡೆ, ಅಂಜಲ್.
ನಾನು ಅಭ್ಯಾಸಬಲದಿಂದ ಚಕ್ಕುಬಂದಿ ಹುಡುಕಿದೆ.
ಮೂಡಕ್ಕೆ, ಮೂರು ಸಾವಿರ ಮೀಟರಿನ ಮೇಲಿನ ಬೆಟ್ಟ: ಸೇರಿಲ್ಲ.
ಪಡುವಕ್ಕೆ, ಮೊದಲೇ ಇದ್ದ ಕಾಯಿಲೆ
(ಥೈರಾಯ್ಡು ಗಂಟಲಲ್ಲೇ ಒಮ್ಮೆ ಕೆಮ್ಮಿತು).
ತೆಂಕಕ್ಕೆ, ಬಾಡಿಗೆ ಸ್ಕೂಟರು, ಕುಡಿದು ಬಿದ್ದದ್ದು, ದಂಗೆ, ಯುದ್ಧ.
ಬಡಗಕ್ಕೆ, ಹಲ್ಲು: ನೋವು ತಗ್ಗಿಸುವಷ್ಟು ಮಾತ್ರ.
ನಡುವೆ ಉಳಿದ ಇಷ್ಟು ತುಂಡು ಜಾಗ ನಾನು.

ಆಮೇಲೆ ಒಂದು ಪಟ್ಟಿ. ಹೆಬ್ಬೆರಳಿಗಿಷ್ಟು, ಕಿರುಬೆರಳಿಗಿಷ್ಟು,
ಒಂದು ಕಣ್ಣಿಗೆ ಅರ್ಧ, ಎರಡಕ್ಕೆ ಪೂರ್ತಿ.
ಎಷ್ಟು ಎಕರೆ ಟೈಪು ಮಾಡಿದೆ ಈ ಕಿರುಬೆರಳು,
ಇಷ್ಟು ಅಗ್ಗವೆಂದು ಅದಕ್ಕೂ ಗೊತ್ತಿರಲಿಲ್ಲ.

ಅಗ್ಗದ್ದೇ ಕೊಡಿ, ಅಂದೆ.
ಕುಂಞಂಬು ಕನ್ನಡಕ ತೆಗೆದಿಟ್ಟರು.
ಶಾರ್ಜಾದಲ್ಲಿ ಅವರ ಕೋಣೆಯಲ್ಲಿದ್ದ ಬೋವಿಕ್ಕಾನದ ಹುಡುಗ,
ರಾತ್ರಿ ಊಟಕ್ಕೆ ಕೂತವ ಏಳಲಿಲ್ಲ.
ಇಪ್ಪತ್ತಮೂರು ದಿನ ಶೀತದ ಪೆಟ್ಟಿಗೆಯಲ್ಲಿ.
ಕೋಣೆಯವರೆಲ್ಲ ದುಡ್ಡು ಕೂಡಿಸಿ, ಸರಕಿನ ಕೌಂಟರಿನಲ್ಲಿ
ತೂಕ ಹಾಕಿಸಿ ಚೀಟಿ ತಂದರು.
"ಕಿಲೋ ಲೆಕ್ಕ, ಚೇಚಿ. ಗೇರುಬೀಜಕ್ಕೆ ಮಾಡುವ ಹಾಗೆ."
ಅವರ ಪೆನ್ನು ಬೂತಾಯಿಯ ಮೇಲೆ ಅಡ್ಡಗೆರೆ ಎಳೆಯಿತು.

ಬಂಗುಡೆಯಲ್ಲಿ ಒಂದು ಸಾಲು:
ಶವವನ್ನು ಊರಿಗೆ ತರುವುದು, ಅಥವಾ ಅಲ್ಲಿಯೇ ಮಣ್ಣು ಮಾಡುವುದು.
ಆ 'ಅಥವಾ'ದ ಮೇಲೆ ತುಂಬಾ ಹೊತ್ತು ಕೂತೆ.
ನಾನು ದಾಟಿಸಿದ ಯಾವ ಜಾಗದ ಕಾಗದದಲ್ಲೂ
ಈ ಪದ ಸಿಕ್ಕಿದ ನೆನಪಿಲ್ಲ.

"ನಾಮಿನಿ?"
ಮೈಮೂನಾ.
"ಸಂಬಂಧ?"
ಚೀಲ ಅವಳ ಮಗನದು, ಹರಿದಲ್ಲಿ ಹೊಲಿದದ್ದು ಅವಳು.
ಗೆಳತಿ ಅಂದರೆ ಕಂಪ್ಯೂಟರು ಒಪ್ಪುವುದಿಲ್ಲವಂತೆ.
ವಾರಿಜಾ ಶೆಟ್ಟಿಗಾರ್ ಎಂಬವಳ ಅಕ್ಕ, ಮೈಮೂನಾ, ಎಂದು ಒತ್ತಿದರು.
ಒಂದಕ್ಷರ ಸುಳ್ಳು ದಾಟಿಸಿದವಳಲ್ಲ ನಾನು, ಇದುವರೆಗೆ.
ಸುಮ್ಮನಿದ್ದೆ.

ಮರುದಿನ ಬ್ಯಾಂಕ್ ರೋಡಿನ ಹಲ್ಲಿನ ಡಾಕ್ಟರು.
ಪಾಲಿಸಿ ಕಾಯದ್ದನ್ನು ಇಲ್ಲಿಯೇ ಮುಗಿಸಿ ಹೋಗಬೇಕಲ್ಲ.
ಎಡದವಡೆಯ ಬುದ್ಧಿಹಲ್ಲು, ಅರ್ಧ ಗಂಟೆ ಸತಾಯಿಸಿ ಬಂತು.
ನರ್ಸು ಹುಡುಗಿ ಹತ್ತಿಯಲ್ಲಿ ಸುತ್ತಿ ಕೈಗೆ ಕೊಟ್ಟಳು.
ಅರ್ಧ ಮುಖ ಮರಗಟ್ಟಿ, ತುಳುವಿರಲಿ, ಕನ್ನಡವಿರಲಿ,
ಥ್ಯಾಂಕ್ಸ್ ಕೂಡ ಹೊರಡಲಿಲ್ಲ.
ಸಂಜೆ ಕಚೇರಿ ಬಾಗಿಲು ಹಾಕಿದ ಮೇಲೆ, ಅತ್ತಿತ್ತ ನೋಡಿ,
ಚಿಕ್ಕಂದಿನಲ್ಲಿ ಎಸೆಯುತ್ತಿದ್ದ ಹಾಗೆ
ರಿಜಿಸ್ಟ್ರಾರ್ ಕಚೇರಿಯ ಹೆಂಚಿಗೆ ಎಸೆದೆ.
ತಾಗಿದ್ದು ಕೇಳಿಸಿತು, ಉರುಳಿದ್ದೂ.
ಕೆಳಗೆ ಬೀಳುವ ಸದ್ದಿಗೆ ಕಾದೆ.
ಬೀಳಲಿಲ್ಲ.